ಎದೆನೋವೆಲ್ಲ ಬ್ಲಾಕ್ ಅಲ್ಲ, ಮನೆಯವರಿಗೆಲ್ಲ ಒಂದ್ಸಲ ಎಕೋ ಮಾಡ್ಸಿ

ಸಂಪಾದಕರಿಗೆ ನಮಸ್ಕಾರ,

2025ರ ಜೂನ್ ಜುಲೈನಲ್ಲಿ ನಮ್ಮ ಕೊಡಗಿನ ಪಕ್ಕದ ಹಾಸನದಲ್ಲಿ ಚಿಕ್ಕ ವಯಸ್ಸಿನೋರು ಒಬ್ಬರ ಹಿಂದೆ ಒಬ್ಬರು ಹಾರ್ಟ್ ಅಟ್ಯಾಕಲ್ಲಿ ಹೋಗ್ತಿದ್ದಾರೆ ಅಂತ ಸುದ್ದಿ ಬಂದಾಗ ಮೈಸೂರು ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವಕ್ಕೇ ಕ್ಯೂ ನಿಂತಿದ್ದು ಎಲ್ರಿಗೂ ನೆನಪಿರುತ್ತೆ, ನಮ್ಮ ಕಡೆಯಿಂದಾನೂ ಜೀಪ್ ಮಾಡ್ಕೊಂಡು ಹೋದೋರಿದ್ರು. ಅವತ್ತಿಂದ ಇವತ್ತಿನವರೆಗೂ ಪೇಪರಲ್ಲಿ ಟಿವೀಲಿ ವಾಟ್ಸಾಪಲ್ಲಿ ಬರ್ತಿರೋದೆಲ್ಲ ಬರೀ ಕೊಲೆಸ್ಟ್ರಾಲ್, ಶುಗರ್, ಸಿಗರೇಟ್, ಟೆನ್ಷನ್, ಇಷ್ಟೇ. ಅದು ಸುಳ್ಳು ಅಂತ ನಾನು ಹೇಳ್ತಿಲ್ಲ. ಆದ್ರೆ ಬ್ಲಾಕ್ ಇಲ್ದೆ, ಶುಗರ್ ಇಲ್ದೆ, ಸಣ್ಣಕ್ಕೆ ಉದ್ದಕ್ಕೆ ಇರೋ ಗಟ್ಟಿಮುಟ್ಟು ಹುಡುಗನ ಎದೆಯೊಳಗಿನ ದೊಡ್ಡ ರಕ್ತನಾಳಾನೇ ಹರಿದು ಹೋಗೋ ಕಾಯಿಲೆ ಒಂದಿದೆ, ಅದು ವಂಶದಲ್ಲಿ ಬರುತ್ತೆ, ಮೊದಲೇ ಗೊತ್ತಾದ್ರೆ ತಡೀಬಹುದು, ಆದ್ರೂ ಅದರ ಬಗ್ಗೆ ಒಂದು ಸಾಲೂ ಯಾರೂ ಬರೀತಿಲ್ಲ. ನಮ್ಮನೇಲಿ ಅದು ಇದೆ, ಅದಕ್ಕೆ ನಾನೇ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ.

ಕಾಯಿಲೆ ಹೆಸರು ಮಾರ್ಫಾನ್ ಸಿಂಡ್ರೋಮ್. 1896ರಲ್ಲಿ ಪ್ಯಾರಿಸ್‌ನಲ್ಲಿ ಆಂಟ್ವಾನ್ ಮಾರ್ಫಾನ್ ಅನ್ನೋ ಮಕ್ಕಳ ಡಾಕ್ಟರ್ ಕೈಕಾಲು ಬೆರಳೆಲ್ಲ ತೀರಾ ಉದ್ದ ಇದ್ದ ಒಂದು ಐದು ವರ್ಷದ ಹುಡುಗಿ ಬಗ್ಗೆ ಬರೆದ್ರಂತೆ, ಅದರಿಂದ ಈ ಹೆಸರು. ನಮ್ಮ ಮೈಯಲ್ಲಿ ಮೂಳೆ, ಕೀಲು, ಕಣ್ಣಿನ ಲೆನ್ಸು, ರಕ್ತನಾಳ ಎಲ್ಲಾನೂ ಹಿಡಿದಿಟ್ಕೊಳ್ಳೋ ನಾರಿನಂಥ ಅಂಗಾಂಶ ಇರುತ್ತಲ್ಲ, ಅದಕ್ಕೆ ಫೈಬ್ರಿಲಿನ್ ಅನ್ನೋ ಒಂದು ಪ್ರೋಟೀನ್ ಬೇಕು. ಅದನ್ನ ತಯಾರಿಸೋ ಜೀನ್ 15ನೇ ಕ್ರೋಮೋಸೋಮಲ್ಲಿದೆ, 1991ರಲ್ಲಿ ಪತ್ತೆ ಆಯ್ತು. ಆ ಜೀನಲ್ಲಿ ತಪ್ಪಿದ್ರೆ ನಾರು ಸಡಿಲ. ಸಡಿಲ ಆದ್ರೆ ಕೈಕಾಲು ಉದ್ದ ಬೆಳೆಯುತ್ತೆ, ಬೆನ್ನು ಸೊಟ್ಟ ಆಗುತ್ತೆ, ಎದೆ ಒಳಗೆ ಗುಳಿ ಬೀಳುತ್ತೆ ಇಲ್ಲಾ ಮುಂದಕ್ಕೆ ಉಬ್ಬುತ್ತೆ, ಪಾದ ಚಪ್ಪಟೆ, ಹಲ್ಲು ಒತ್ತೊತ್ತಾಗಿ ಬರುತ್ತೆ, ಕಣ್ಣಿಗೆ ಚಿಕ್ಕಂದಿನಲ್ಲೇ ದಪ್ಪ ಕನ್ನಡಕ. ಇದೆಲ್ಲ ಇಟ್ಕೊಂಡೂ ಬದುಕಬಹುದು. ಜೀವ ತೆಗೆಯೋದು ಅಯೋರ್ಟಾ, ಅಂದ್ರೆ ಹೃದಯದಿಂದ ನೇರ ಹೊರಡೋ ದೊಡ್ಡ ರಕ್ತನಾಳ. ತೋಟಕ್ಕೆ ಸ್ಪ್ರಿಂಕ್ಲರ್ ಹಾಕೋರಿಗೆ ಗೊತ್ತು, ಹಳೇ ರಬ್ಬರ್ ಹೋಸ್ ಯಾವಾಗ್ಲೂ ಪಂಪಿಗೆ ತಾಗಿರೋ ಕಡೇನೇ ಮೊದಲು ಉಬ್ಬೋದು, ಯಾಕಂದ್ರೆ ಪ್ರೆಷರ್ ಜಾಸ್ತಿ ಅಲ್ಲೇ. ಅಯೋರ್ಟಾನೂ ಬುಡದಲ್ಲೇ ಉಬ್ಬುತ್ತೆ, ವರ್ಷ ವರ್ಷಕ್ಕೆ ಸ್ವಲ್ಪ ಸ್ವಲ್ಪ, ನೋವಿಲ್ಲ, ಸುಸ್ತಿಲ್ಲ, ಏನೂ ಗೊತ್ತಾಗಲ್ಲ. ಒಂದು ದಿನ ಒಳಪದರ ಹರಿಯುತ್ತೆ.

ಸುಮಾರು 5000 ಜನಕ್ಕೆ ಒಬ್ಬರಿಗೆ ಇದು ಇರುತ್ತೆ ಅಂತ ಲೆಕ್ಕ, ನಮ್ಮ ಜಿಲ್ಲೆ ಜನಸಂಖ್ಯೆ ಐದೂವರೆ ಲಕ್ಷ ಅಂತ ಹಿಡ್ಕೊಂಡ್ರೂ ನೂರು ಜನದ ಮೇಲಾಯ್ತು. ಆ ನೂರು ಜನ ಎಲ್ಲಿದ್ದಾರೆ, ಎಷ್ಟು ಜನಕ್ಕೆ ತಮಗಿದೆ ಅಂತ ಗೊತ್ತಿದೆ?

ನಮ್ಮನೇಲಿ ಗೊತ್ತಾಗಿದ್ದು ಕಣ್ಣಿನ ಡಾಕ್ಟರಿಂದ. ಯಜಮಾನ್ರ ಅಕ್ಕನ ಮಗ, ಆಗ ಹೈಸ್ಕೂಲು, ಕನ್ನಡಕದ ನಂಬರ್ ಪದೇ ಪದೇ ಬದಲಾಗ್ತಿದೆ ಅಂತ ಮೈಸೂರಿಗೆ ಕರ್ಕೊಂಡು ಹೋದಾಗ ಜೊತೇಲಿ ನಾನೂ ಇದ್ದೆ. ಡಾಕ್ಟರ್ ಕಣ್ಣಿಗೆ ಡ್ರಾಪ್ಸ್ ಹಾಕಿ ನೋಡಿದ್ರು, ಲೆನ್ಸ್ ಜಾಗದಿಂದ ಮೇಲಕ್ಕೆ ಸರಿದಿದೆ ಅಂದ್ರು, ಆಮೇಲೆ ಕಣ್ಣು ನೋಡೋದು ಬಿಟ್ಟು ಅವನ ಕೈ ಹಿಡ್ಕೊಂಡ್ರು. ಹೆಬ್ಬೆರಳು ಒಳಗಿಟ್ಟು ಮುಷ್ಟಿ ಹಿಡಿ ಅಂದ್ರು, ಹೆಬ್ಬೆರಳಿನ ಉಗುರು ಪೂರ್ತಿ ಕಿರುಬೆರಳಿನ ಆಚೆ ಬಂದು ನಿಂತ್ಕೊಳ್ತು. ಒಂದು ಕೈಯಿಂದ ಇನ್ನೊಂದು ಕೈ ಮಣಿಕಟ್ಟು ಸುತ್ತಿ ಹಿಡಿ ಅಂದ್ರು, ಹೆಬ್ಬೆರಳು ಕಿರುಬೆರಳಿನ ಮೇಲೆ ಹತ್ತಿ ಕೂತ್ಕೊಳ್ತು. ಹುಡುಗ ನಗ್ತಿದ್ದ, ಅವನಿಗದು ಆಟ. ಡಾಕ್ಟರ್ ನಗ್ಲಿಲ್ಲ, ನಮ್ಮ ಕಡೆ ತಿರುಗಿ ಕೇಳಿದ್ರು, ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ದಿಢೀರಂತ ತೀರ್ಕೊಂಡಿದ್ದಾರಾಮ್ಮಾ ಅಂತ.

ತೀರ್ಕೊಂಡಿದ್ರು, ನಮ್ಮ ಮಾವ. ನಾನು ಆ ಮನೆಗೆ ಸೊಸೆಯಾಗಿ ಬರೋದಕ್ಕೂ ಎಷ್ಟೋ ಮುಂಚೆ, ನಲವತ್ತರ ಆಸುಪಾಸಲ್ಲಿ, ಕಾಫಿ ಮೂಟೆ ಲಾರಿಗೆ ಹಾಕ್ತಿದ್ದಾಗ ಎದೆ ಹಿಡ್ಕೊಂಡು ಕೂತೋರು ಏಳ್ಲಿಲ್ಲ ಅಂತ ಅತ್ತೆ ಹೇಳ್ತಿದ್ರು. ಊರೋರೆಲ್ಲ ಅಟ್ಯಾಕ್ ಅಂದ್ರು, ಕೆಲವರು ಕಾರಣನ, ಅಂದ್ರೆ ನಾವು ಪೂಜಿಸೋ ವಂಶದ ಹಿರಿಯನ ಕೋಪ ಅಂದ್ರು, ಪ್ರಶ್ನೆ ಕೇಳಿಸಿದ್ರು, ಕೋಳಿ ಕೊಟ್ರು. ಯಾರ ನಂಬಿಕೆ ಮೇಲೂ ನನಗೆ ತಕರಾರಿಲ್ಲ, ನಾನೂ ಕಾರಣನಿಗೆ ಕೊಡ್ತೀನಿ, ಅದರ ಜೊತೆಗೆ ಎಕೋನೂ ಮಾಡ್ಸಿ ಅಂತಷ್ಟೇ ಹೇಳೋದು.

ಆ ಕಣ್ಣಿನ ಡಾಕ್ಟರ್ ಚೀಟಿ ಬರೆದು ಕೊಟ್ಮೇಲೆ ಎಲ್ರಿಗೂ ಎಕೋ ಆಯ್ತು. ಎಕೋ ಅಂದ್ರೆ ಬಸುರಿಯರಿಗೆ ಸ್ಕ್ಯಾನ್ ಮಾಡ್ತಾರಲ್ಲ ಅದೇ ಥರ, ಎದೆ ಮೇಲೆ ಜೆಲ್ ಹಚ್ಚಿ ನೋಡೋದು, ಸೂಜಿ ಇಲ್ಲ ನೋವಿಲ್ಲ, ಅರ್ಧ ಗಂಟೆಯೊಳಗೆ ಮುಗಿಯುತ್ತೆ. ಹುಡುಗನಿಗೆ ಅಯೋರ್ಟಾ ವಯಸ್ಸಿಗಿಂತ ದೊಡ್ಡದಿತ್ತು, ಅವನಮ್ಮನಿಗೆ 4.3 ಸೆಂಟಿಮೀಟರ್, ನಮ್ಮೆಜಮಾನ್ರಿಗೆ 5.2. ದೊಡ್ಡವರಿಗೆ ಅದು ಸಾಮಾನ್ಯವಾಗಿ 4ರ ಒಳಗಿರುತ್ತೆ, ಮಾರ್ಫಾನ್ ಇರೋರಿಗೆ 5 ಮುಟ್ಟಿದ್ರೆ ಆಪರೇಷನ್ ಮಾಡ್ತಾರೆ, ಮನೇಲಿ ಯಾರಿಗಾದ್ರೂ ಹರಿದಿದ್ರೆ ಇನ್ನೂ ಮುಂಚೇನೇ. ಹಿಂದಿನ ವಾರ ತಾನೇ ಇವರು ಮೆಣಸು ಕೊಯ್ಯೋ ಏಣಿ ಹೆಗಲ ಮೇಲೆ ಹೊತ್ಕೊಂಡು ತೋಟ ಎಲ್ಲ ಸುತ್ತಿದ್ರು, ಒಂದು ದಿನ ಎದೆನೋವು ಅಂದೋರಲ್ಲ. ಮೈದುನನಿಗೆ ಏನೂ ಇಲ್ಲ, ವಿಚಿತ್ರ ಅಂದ್ರೆ ಮನೇಲಿ ಎಲ್ರಿಗಿಂತ ಎತ್ತರ ಅವನೇ. ಎತ್ತರ ಇದ್ದೋರಿಗೆಲ್ಲ ಈ ಕಾಯಿಲೆ ಇರಲ್ಲ, ಕೊಡಗಲ್ಲಿ ಎತ್ತರದೋರು ಮನೆಗೊಬ್ಬರು ಇರ್ತಾರೆ, ಬೆರಳಿನ ಟೆಸ್ಟ್ ಒಂದನ್ನೇ ಮಾಡಿ ಹೆದರ್ಕೋಬೇಡಿ. ಬೆರಳು, ಎದೆ, ಬೆನ್ನು, ಕಣ್ಣು, ಮನೆಯೋರ ಹಿಸ್ಟರಿ, ಇದೆಲ್ಲ ಸೇರಿಸಿ 2010ರಲ್ಲಿ ತಿದ್ದಿದ ಘೆಂಟ್ ಪಟ್ಟಿ ಅಂತ ಒಂದಿದೆ, ಡಾಕ್ಟರ್‌ಗಳು ಅದರ ಪ್ರಕಾರ ನೋಡಿ ಹೇಳ್ತಾರೆ, ಅನುಮಾನ ಇದ್ರೆ ರಕ್ತದಲ್ಲಿ ಜೀನ್ ಟೆಸ್ಟ್ ಮಾಡಿಸ್ತಾರೆ. ಲೋಯ್ಸ್-ಡೀಟ್ಸ್, ಎಹ್ಲರ್ಸ್-ಡ್ಯಾನ್ಲೋಸ್ ಅಂತ ಇದರ ಅಣ್ಣತಮ್ಮಂದಿರ ಥರದ ಕಾಯಿಲೆಗಳೂ ಇವೆ, ಅವಕ್ಕೆ ಆಪರೇಷನ್ ಮಾಡೋ ಅಳತೆ ಬೇರೆ, ಅದಕ್ಕೇ ಜೀನ್ ಟೆಸ್ಟ್ ಒಳ್ಳೇದು ಅಂತಾರೆ.

ಈಗ ನಾನು ಮುಖ್ಯವಾಗಿ ಹೇಳ್ಬೇಕಾಗಿರೋ ವಿಷಯಕ್ಕೆ ಬರ್ತೀನಿ. ನಮ್ಮ ಕೊಡವರಲ್ಲಿ ಒಕ್ಕ ಒಕ್ಕಕ್ಕೂ, ಅಂದ್ರೆ ಒಂದೇ ಮನೆತನದ ಹೆಸರಿರೋ ಕುಟುಂಬಕ್ಕೂ ವಂಶವೃಕ್ಷ ಇದೆ, ಐನ್‌ಮನೆ ಅನ್ನೋ ಮೂಲಮನೆ ಗೋಡೇಲಿ ಫ್ರೇಮ್ ಹಾಕ್ಸಿ ಇಟ್ಟಿರ್ತಾರೆ, ಏಳೆಂಟು ತಲೆಮಾರು ಹಿಂದಕ್ಕೆ ಹೆಸರು ಸಿಗುತ್ತೆ. ಜೆನೆಟಿಕ್ಸ್ ಡಾಕ್ಟರ್ ಮೊದಲು ಕೇಳೋದೇ ಇಂಥದ್ದೊಂದು ಪಟ್ಟಿ, ಬೆಂಗಳೂರಲ್ಲಿ ನಾವು ಬಾಯಲ್ಲಿ ಹೇಳ್ತಾ ಹೋದ್ರೆ ಅವರು ಬರ್ಕೊಳ್ತಾ ಹೋದ್ರು, ಇಷ್ಟು ಹಿಂದಿನವರೆಗೆ ಯಾರೂ ಹೇಳಲ್ಲ ಅಂತ ಆಶ್ಚರ್ಯ ಪಟ್ರು. ಆದ್ರೆ ನಮ್ಮ ವೃಕ್ಷ ಗಂಡುಮಕ್ಕಳ ಕಡೆಯಿಂದ ಇಳಿಯುತ್ತೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರಿದ್ರೂ ಅಲ್ಲಿಗೇ ನಿಂತಿರುತ್ತೆ, ಅವರ ಮಕ್ಕಳು ಬೇರೆ ಮನೆ ಹೆಸರಲ್ಲಿ ಬೇರೆ ಗೋಡೇಲಿರ್ತಾರೆ. ಕಾಯಿಲೆ ಹಾಗೆ ನೋಡಲ್ಲ. ಅಪ್ಪನಿಗಿರ್ಲಿ ಅಮ್ಮನಿಗಿರ್ಲಿ, ಗಂಡಾಗ್ಲಿ ಹೆಣ್ಣಾಗ್ಲಿ, ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ನಮ್ಮ ಮಾವನದ್ದು ಅವರ ಮಗಳ ಕೈಲಿ ಇನ್ನೊಂದು ಒಕ್ಕಕ್ಕೆ ಹೋಗಿ ಅಲ್ಲಿ ಮೊಮ್ಮಗನ ಕಣ್ಣಲ್ಲಿ ಕಾಣಿಸ್ಕೊಳ್ತು. ಆ ಮನೆಯೋರು ಮೊದಲು ಹೇಳಿದ್ದು ನಮ್ಮ ಕಡೆ ಯಾರಿಗೂ ಇಂಥದ್ದಿಲ್ಲ ಅಂತ, ಅವರ ಲೆಕ್ಕದಲ್ಲಿ ಅದು ನಿಜಾನೇ. ಆದ್ದರಿಂದ ಒಬ್ಬರಿಗೆ ಗೊತ್ತಾದ ಕೂಡ್ಲೇ ಅಣ್ಣತಮ್ಮ ಮಾತ್ರ ಅಲ್ಲ, ಅಕ್ಕತಂಗೀರು, ಅವರ ಮಕ್ಕಳು, ಸತ್ತೋರ ಮಕ್ಕಳು, ದುಬೈಯಲ್ಲಿರೋರು ಮಿಲಿಟರಿಯಲ್ಲಿರೋರು ಎಲ್ರಿಗೂ ಫೋನ್ ಮಾಡಿ ಹೇಳ್ಬೇಕು. ಇದು ಒಕ್ಕದ ಸಭೇಲಿ ಎದ್ದು ನಿಂತು ಹೇಳೋ ವಿಷಯ, ಮನೇಲಿ ಪಿಸುಗುಟ್ಟೋದಲ್ಲ.

ಹೇಳಿದ್ರೆ ಏನಾಗುತ್ತೆ ಅಂತಾನೂ ಗೊತ್ತು. ರಕ್ತಸಂಬಂಧದಲ್ಲಿ ಮದುವೆ ಮಾಡಿದ್ರಿಂದ ಬಂತು ಅಂತ ಒಬ್ಬರು, ನಿಮ್ಮ ಸೊಸೆ ಕಡೆಯಿಂದ ಬಂದಿದ್ದು ಅಂತ ಇನ್ನೊಬ್ಬರು. ಸೋದರ ಮಾವನ ಮಗಳನ್ನ ಮಾಡ್ಕೊಂಡ್ರೆ ಜಾಸ್ತಿ ಆಗೋ ಕಾಯಿಲೆಗಳು ಬೇರೆ, ಮಾರ್ಫಾನ್‌ಗೆ ಅಪ್ಪ ಅಮ್ಮನಲ್ಲಿ ಒಬ್ಬರ ಒಂದು ಜೀನ್ ಸಾಕು. ಸುಮಾರು ಕಾಲು ಭಾಗ ಜನಕ್ಕೆ ಅಪ್ಪ ಅಮ್ಮ ಇಬ್ಬರಿಗೂ ಇರಲ್ಲ, ಮಗುವಿನಲ್ಲೇ ಹೊಸದಾಗಿ ಶುರುವಾಗುತ್ತೆ. ಯಾರ ಮೇಲೂ ಬೆರಳು ತೋರಿಸೋ ಹಾಗಿಲ್ಲ. ಮದುವೆ ಆಗಬಾರದು ಅನ್ನೋದೂ ತಪ್ಪು. ಹೆಣ್ಣುಮಕ್ಕಳು ಮಾತ್ರ ಬಸುರಾಗೋಕೆ ಮುಂಚೆ ಎಕೋ ಮಾಡಿಸ್ಲೇಬೇಕು, ಬಸುರಲ್ಲಿ ರಕ್ತ ಜಾಸ್ತಿ ಓಡೋದ್ರಿಂದ ಅಯೋರ್ಟಾ ಮೇಲೆ ಭಾರ ಬೀಳುತ್ತೆ, 4.5 ದಾಟಿದ್ರೆ ಮೊದಲು ಆಪರೇಷನ್ ಆಮೇಲೆ ಬಸುರು ಅಂತಾರೆ. ಈ ಕಾಯಿಲೆಗೆ ಕೊಡೋ ಲೋಸಾರ್ಟಾನ್ ಅನ್ನೋ ಮಾತ್ರೆ ಬಸುರಲ್ಲಿ ಆಗಲ್ಲ, ಬದಲಾಯಿಸ್ಬೇಕು. ಹೆರಿಗೆ ಹಾರ್ಟ್ ಸರ್ಜನ್ ಇರೋ ದೊಡ್ಡಾಸ್ಪತ್ರೇಲೇ ಆಗ್ಬೇಕು.

ಈಗ ಹಾಕಿ ವಿಷಯ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಹಾಕಿ ನಮ್ಮೆ, ಅಂದ್ರೆ ಹಾಕಿ ಹಬ್ಬ, ಇವತ್ತು ಮುನ್ನೂರಕ್ಕೂ ಮೇಲೆ ಒಕ್ಕಗಳು ಆಡೋಷ್ಟು ಬೆಳೆದಿದೆ, ನನಗೂ ಹೆಮ್ಮೆ, ನಾನೂ ಒಂದು ವರ್ಷ ಸ್ಟಿಕ್ ಹಿಡಿದಿದ್ದೆ. ಅಲ್ಲಿ ಉದ್ದ ಕೈ ಉದ್ದ ಕಾಲಿನ ಹುಡುಗ ಸಿಕ್ಕಿದ್ರೆ ಗೋಲ್‌ಗೆ ನಿಲ್ಲಿಸಿ ಅಂತಾರೆ, ಸ್ಪೋರ್ಟ್ಸ್ ಹಾಸ್ಟೆಲ್‌ಗೂ ಅಂಥೋರೇ ಬೇಕು. ಅಮೆರಿಕದ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ ಆರಡಿ ಐದಿಂಚು ಎತ್ತರ, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಲ್ಲಿ ಬೆಳ್ಳಿ ಗೆದ್ದ ಟೀಮಿನೋಳು, 1986ರ ಜನವರೀಲಿ ಜಪಾನಲ್ಲಿ ಮ್ಯಾಚ್ ನಡೀತಿರೋವಾಗ ಬೆಂಚ್ ಮೇಲೆ ಕೂತಲ್ಲೇ ಕುಸಿದು ಹೋದ್ಲು, ವಯಸ್ಸು 31. ಮೊದಲು ಹಾರ್ಟ್ ಅಟ್ಯಾಕ್ ಅಂದ್ರು, ಪೋಸ್ಟ್‌ಮಾರ್ಟಂ ಮಾಡಿದ್ಮೇಲೆ ಗೊತ್ತಾಯ್ತು ಅಯೋರ್ಟಾ ಹರಿದಿತ್ತು, ಮಾರ್ಫಾನ್ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಅವಳ ಅಣ್ಣತಮ್ಮಂದಿರನ್ನ ಚೆಕ್ ಮಾಡಿದಾಗ ಒಬ್ಬನಿಗೂ ಅದೇ ಸಿಕ್ಕಿ ಆಪರೇಷನ್ ಆಯ್ತು. ಒಲಿಂಪಿಕ್ ಟೀಮಿಗೇ ಗೊತ್ತಾಗಿಲ್ಲ ಅಂದ್ಮೇಲೆ ನಮ್ಮ ಗ್ರೌಂಡಲ್ಲಿ ಯಾರಿಗೆ ಗೊತ್ತಾಗ್ಬೇಕು. ಆದ್ರೂ ಪಿಟಿ ಮೇಷ್ಟ್ರಿಗೆ, ಕೋಚ್‌ಗೆ ಈ ಮುಷ್ಟಿ, ಮಣಿಕಟ್ಟು ಟೆಸ್ಟ್ ಎರಡು ನಿಮಿಷದ ಕೆಲಸ, ಕೈ ಎರಡೂ ಅಗಲಿಸಿ ಅಳೆದ್ರೆ ಎತ್ತರಕ್ಕಿಂತ ನೂರಕ್ಕೆ ಐದರಷ್ಟು ಜಾಸ್ತಿ ಬಂತಾ ನೋಡೋದು ಇನ್ನೊಂದು ನಿಮಿಷ. ಮಿಲಿಟರಿ ಸೆಲೆಕ್ಷನಲ್ಲಿ ಚಪ್ಪಟೆ ಪಾದ ಅಂತ ವಾಪಸ್ ಕಳಿಸಿದ ಹುಡುಗ ಉದ್ದಕ್ಕೆ ಸಣ್ಣಕ್ಕೆ ಕನ್ನಡಕ ಹಾಕ್ಕೊಂಡಿದ್ರೆ ಅವನನ್ನ ಮನೆಗೆ ಕಳಿಸಿ ಸುಮ್ಮನಾಗ್ಬೇಡಿ, ಎಕೋಗೆ ಕಳಿಸಿ.

ನಮ್ಮ ಮಗನಿಗೂ ಇದೆ. ಹಾಕಿ ಬಿಡಿಸಿದ್ದೀವಿ, ಅವನ ಮುನಿಸು ಇನ್ನೂ ಹೋಗಿಲ್ಲ, ಹೋಗ್ಬೇಕು ಅಂತಾನೂ ನಾನು ಹೇಳಲ್ಲ. ಡಾಕ್ಟರ್ ಹೇಳಿರೋದು, ಮಾತಾಡ್ತಾ ಮಾಡಕ್ಕಾಗೋ ಆಟ ಪರವಾಗಿಲ್ಲ, ನಡಿಗೆ, ನಿಧಾನಕ್ಕೆ ಸೈಕಲ್, ಮಜಾಕ್ಕೆ ಶಟಲ್, ಈಜು. ಡಿಕ್ಕಿ ಹೊಡಿಯೋದು, ಉಸಿರು ಕಟ್ಟಿ ತೂಕ ಎತ್ತೋದು ಬೇಡ, ಅಂದ್ರೆ ಜಿಮ್ಮಲ್ಲಿ ವೇಟ್ಸ್ ಬೇಡ, ತೋಟದಲ್ಲಿ 50 ಕೆಜಿ ಮೂಟೆ ಬೇಡ. ಕಾಯಿಲೆ ಇರೋ ಹುಡುಗ ಅಂತ ಮಂಚದ ಮೇಲೆ ಕೂರಿಸೋದೂ ಬೇಡ. ದಿನಾ ಒಂದು ಮಾತ್ರೆ ಇದೆ. ಅಟೆನೊಲಾಲ್, ಪ್ರೊಪ್ರನೊಲಾಲ್ ಥರದ್ದು ನಾಡಿ ಬಡಿತ ತಗ್ಗಿಸುತ್ತೆ, ವೀಸಿಂಗ್ ಇರೋರಿಗೆ ಆಗಲ್ಲ, ಅವರಿಗೆ ಲೋಸಾರ್ಟಾನ್ ಕೊಡ್ತಾರೆ. 2014ರಲ್ಲಿ ಮಕ್ಕಳು, ಚಿಕ್ಕ ವಯಸ್ಸಿನೋರಲ್ಲಿ ಕೆಲವರಿಗೆ ಅಟೆನೊಲಾಲ್, ಇನ್ನು ಕೆಲವರಿಗೆ ಲೋಸಾರ್ಟಾನ್ ಕೊಟ್ಟು ದೊಡ್ಡದಾಗಿ ಹೋಲಿಸಿ ನೋಡಿದ್ರು, ಉಬ್ಬೋದನ್ನ ತಡೆಯೋದ್ರಲ್ಲಿ ಎರಡಕ್ಕೂ ವ್ಯತ್ಯಾಸ ಸಿಗ್ಲಿಲ್ಲ. ಎರಡೂ ಬಿಪಿಗೆ ಕೊಡೋ ಮಾಮೂಲಿ ಮಾತ್ರೆಗಳೇ, ಜನೌಷಧಿ ಅಂಗಡೀಲಿ ಕಡಿಮೆ ರೇಟಿಗೆ ಸಿಗುತ್ತೆ. ವರ್ಷಕ್ಕೊಂದು ಎಕೋ, ವರ್ಷಕ್ಕೊಂದು ಕಣ್ಣು. ಇಷ್ಟರಿಂದ ಏನು ಬದಲಾಗಿದೆ ಅಂದ್ರೆ, 1972ರ ಒಂದು ಲೆಕ್ಕದಲ್ಲಿ ಮಾರ್ಫಾನ್ ಇರೋರಲ್ಲಿ ಅರ್ಧ ಜನ 48 ವರ್ಷದೊಳಗೆ ಸಾಯ್ತಿದ್ರು, 1995ರ ಲೆಕ್ಕಕ್ಕೆ ಆ ವಯಸ್ಸು 70 ದಾಟಿತ್ತು. ಹೆಚ್ಚಿನ ಪಾಲು ಆಪರೇಷನ್ ದೆಸೆಯಿಂದ.

ಆಪರೇಷನ್ ಬಗ್ಗೆ ಜಾಸ್ತಿ ಬರೆಯಲ್ಲ. ಉಬ್ಬಿದ ಬುಡ ಕತ್ತರಿಸಿ ಬಟ್ಟೆ ಕೊಳವೆ ಹಾಕ್ತಾರೆ, 1968ರಲ್ಲಿ ಲಂಡನ್ನಿನ ಬೆಂಟಾಲ್ ಅನ್ನೋ ಸರ್ಜನ್ ಬರೆದ ವಿಧಾನದಲ್ಲಿ ಹೃದಯದ ಕವಾಟಾನೂ (ವಾಲ್ವ್) ಬದಲಾಯಿಸ್ತಾರೆ, ಟೊರೊಂಟೊದ ಡೇವಿಡ್ ಅನ್ನೋ ಸರ್ಜನ್ ಹೆಸರಿನ ಇನ್ನೊಂದು ವಿಧಾನದಲ್ಲಿ ಸ್ವಂತ ಕವಾಟ ಉಳಿಸ್ತಾರೆ. ಉಳಿಸಿದ್ರೆ ರಕ್ತ ತೆಳು ಮಾಡೋ ಮಾತ್ರೆ ಜೀವನಪೂರ್ತಿ ಬೇಕಾಗಲ್ಲ, ಎಲ್ರಿಗೂ ಉಳಿಸೋಕಾಗಲ್ಲ, ಕೇಳಿ ನೋಡಿ. ನಮ್ಮೆಜಮಾನ್ರದ್ದು ಬೆಂಗಳೂರಲ್ಲಿ ಆಯ್ತು, ಲೋಹದ ಕವಾಟ, ರಾತ್ರಿ ಮನೆಯೆಲ್ಲ ಮಲಗಿದ್ಮೇಲೆ ಟಿಕ್ ಟಿಕ್ ಕೇಳುತ್ತೆ. ದುಡ್ಡಿನ ವಿಷಯಕ್ಕೆ ಆಯುಷ್ಮಾನ್ ಆರೋಗ್ಯ ಕರ್ನಾಟಕ ಕಾರ್ಡ್, ಸಹಕಾರ ಸೊಸೈಟಿ ಸದಸ್ಯರಾಗಿದ್ರೆ ಯಶಸ್ವಿನಿ ಯೋಜನೆ, ಎರಡನ್ನೂ ಆಪರೇಷನ್ನಿಗೆ ಮುಂಚೇನೇ ವಿಚಾರಿಸ್ಕೊಳ್ಳಿ, ಅಡ್ಮಿಟ್ ಆದ್ಮೇಲೆ ಓಡಾಡೋದು ಕಷ್ಟ.

ಕೊಡಗಲ್ಲಿದ್ದು ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋದು ಬೇರೆ ಊರಿನ ಹಾಗಲ್ಲ, ಇದನ್ನ ಬೆಂಗಳೂರಿನ ಡಾಕ್ಟರ್ ಹೇಳಿಕೊಡಲ್ಲ. ಇವರು ತಗೊಳ್ಳೋದು ಅಸಿಟ್ರಾಮ್, ರಕ್ತ ಎಷ್ಟು ತೆಳು ಆಗಿದೆ ಅಂತ ತೋರಿಸೋ ಐಎನ್‌ಆರ್ ಅನ್ನೋ ಟೆಸ್ಟ್ 2ರಿಂದ 3ರ ಮಧ್ಯೆ ಇರ್ಬೇಕು ಅಂದಿದ್ದಾರೆ, ಕಮ್ಮಿ ಆದ್ರೆ ಕವಾಟದಲ್ಲಿ ಹೆಪ್ಪು, ಜಾಸ್ತಿ ಆದ್ರೆ ರಕ್ತಸ್ರಾವ. ಜೂನ್ ಮಳೆಗೆ ತೋಟಕ್ಕೆ ಇಳಿದ್ರೆ ಜಿಗಣೆ. ಜಿಗಣೆ ಕಚ್ಚಿದ್ರೆ ಎಲ್ರಿಗೂ ರಕ್ತ ಬೇಗ ನಿಲ್ಲಲ್ಲ, ಈ ಮಾತ್ರೆ ತಗೊಳ್ಳೋರಿಗೆ ಕೇಳೋದೇ ಬೇಡ, ಮೊದಲ ಮಳೆಗಾಲದಲ್ಲಿ ಗಂಬೂಟ್ ಬಿಚ್ಚಿದಾಗ ಕಾಲುಚೀಲ ಹಿಂಡಿದ್ರೆ ಕೆಂಪಾಗಿ ಸುರೀತು. ಈಗ ಗಂಬೂಟ್ ಒಳಗೆ ಮೊಣಕಾಲವರೆಗೆ ದಪ್ಪ ಕಾಲುಚೀಲ, ಅದರ ಮೇಲೆ ಹೊಗೆಸೊಪ್ಪಿನ ನೀರು ಸುಣ್ಣ, ಕಚ್ಚಿದ್ರೆ ಹತ್ತಿ ಇಟ್ಟು ಕಾಲು ಮೇಲೆತ್ತಿ ಒತ್ತಿ ಹಿಡ್ಕೊಳ್ಳೋದು. ಇನ್ನು ನಮ್ಮ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನಕ್ಕೆ ಮದ್ದು ಸೊಪ್ಪು ಅನ್ನೋ ಕಾಡುಗಿಡದ ಪಾಯಸ. ಮಾರನೇ ದಿನ ಕೊಡಗಿಗೆ ಕೊಡಗೇ ಕೆಂಪಗೆ ಮೂತ್ರ ಮಾಡುತ್ತೆ, ಎಲ್ರಿಗೂ ಗೊತ್ತು. ಅಸಿಟ್ರಾಮ್ ತಗೊಳ್ಳೋರಿಗೆ ಡಾಕ್ಟರ್ ಹೇಳಿ ಕಳ್ಸೋದು, ಮೂತ್ರ ಕೆಂಪಾದ್ರೆ ಕೂಡ್ಲೇ ಬನ್ನಿ, ರಕ್ತ ಇರಬಹುದು ಅಂತ. ಮದ್ದು ಸೊಪ್ಪೋ ರಕ್ತಾನೋ ಹೇಗೆ ಗೊತ್ತಾಗ್ಬೇಕು? ಅದಕ್ಕೆ ಇವರಿಗೆ ಮಾತ್ರ ಆ ಪಾಯಸ ಬಿಡಿಸಿದ್ದೀನಿ, ಬೈಕೊಂಡು ಬಿಟ್ಟಿದ್ದಾರೆ. ಕೆಸುವಿನ ಸೊಪ್ಪು, ಬೇರೆ ಹಸಿರು ಸೊಪ್ಪು ಬಿಡೋದು ಬೇಕಿಲ್ಲ, ವಾರ ವಾರಕ್ಕೆ ಒಂದೇ ಅಳತೇಲಿ ತಿನ್ನಿ ಅಂತಾರೆ, ಮಳೆಗಾಲದಲ್ಲಿ ರಾಶಿ ತಿಂದು ಬೇಸಿಗೇಲಿ ಬಿಟ್ರೆ ಐಎನ್‌ಆರ್ ಏರುಪೇರು. ಮೈಕೈ ನೋವಿಗೆ ಅಂಗಡೀಲಿ ಕೊಡೋ ಪೇನ್ ಕಿಲ್ಲರ್ ಮುಟ್ಟೋ ಹಾಗಿಲ್ಲ. ಹಲ್ಲು ಕೀಳಿಸೋ ಮುಂಚೆ ಹಾರ್ಟ್ ಡಾಕ್ಟರಿಗೆ ಹೇಳ್ಬೇಕು, ಕವಾಟಕ್ಕೆ ಇನ್ಫೆಕ್ಷನ್ ಹತ್ತದ ಹಾಗೆ ಆಂಟಿಬಯೋಟಿಕ್ ಕೊಡ್ತಾರೆ.

ಆಂಟಿಬಯೋಟಿಕ್ ಅಂದಾಗ ನೆನಪಾಯ್ತು, ಇದು ಮೆಡಿಕಲ್ ಶಾಪ್‌ನೋರೂ ಓದ್ಬೇಕು. ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ಈ ಗುಂಪಿನ ಮಾತ್ರೆಗಳು ಅಯೋರ್ಟಾ ಉಬ್ಬೋ, ಹರಿಯೋ ಅಪಾಯ ಜಾಸ್ತಿ ಮಾಡಬಹುದು, ಮಾರ್ಫಾನ್, ಎಹ್ಲರ್ಸ್-ಡ್ಯಾನ್ಲೋಸ್ ಇರೋರಿಗೆ ಬೇರೆ ದಾರಿ ಇಲ್ಲದಿದ್ರೆ ಮಾತ್ರ ಕೊಡಿ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಡಿಸೆಂಬರಲ್ಲೇ ಎಚ್ಚರಿಕೆ ಕೊಟ್ಟಿದೆ. ನಮ್ಮಲ್ಲಿ ಭೇದಿಗೆ, ಮೂತ್ರದ ಉರಿಗೆ, ಕೆಮ್ಮಿಗೆ ಚೀಟಿ ಇಲ್ದೆ ಸ್ಟ್ರಿಪ್ ಕತ್ತರಿಸಿ ಕೈಗೆ ಕೊಡೋದೇ ಇವನ್ನ.

ಕಡೇದಾಗಿ ಎಮರ್ಜೆನ್ಸಿ. ಅಯೋರ್ಟಾ ಹರಿದ ನೋವು ಒಮ್ಮಿಂದೊಮ್ಮೆಲೇ ಜೋರಾಗಿ ಬರುತ್ತೆ, ಸೀಳಿದ ಹಾಗೆ, ಎದೆಯಿಂದ ಬೆನ್ನಿಗೆ, ಎರಡು ಭುಜದ ಮಧ್ಯಕ್ಕೆ ಹೋಗುತ್ತೆ. ಇಸಿಜಿ ಎಷ್ಟೋ ಸಲ ಸರಿಯಾಗೇ ಇರುತ್ತೆ. ನಮಗೆ ಗೊತ್ತಿರೋ ಒಬ್ಬರಿಗೆ ಗ್ಯಾಸ್ ಅಂತ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದ್ರು, ಎಲ್ಲಿ ಯಾರು ಅಂತ ಬರೆಯಲ್ಲ. ಇದರ ಉಲ್ಟಾನೂ ಆಗುತ್ತೆ. ಸರ್ಕಾರ ಪುನೀತ್ ರಾಜಕುಮಾರ್ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ಮಾಡಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋ ಹಾಗೆ ಮಾಡಿದೆ, ಮೈಸೂರಿಗೆ ನೂರು ಕಿಲೋಮೀಟರ್ ಇರೋ ನಮ್ಮಂಥ ಜಿಲ್ಲೆಗೆ ಅದು ತುಂಬಾ ಒಳ್ಳೇದು, ಬ್ಲಾಕ್ ಆದೋರ ಜೀವ ಉಳಿಯುತ್ತೆ. ಆದ್ರೆ ಅದೇ ಇಂಜೆಕ್ಷನ್ ಅಯೋರ್ಟಾ ಹರಿದೋರಿಗೆ ಕೊಟ್ರೆ ರಕ್ತ ನಿಲ್ಲಲ್ಲ, ಜೀವಾನೇ ಹೋಗಬಹುದು. ಹರಿದ ಮೊದಲ ಗಂಟೆಗಳಲ್ಲಿ ಆಪರೇಷನ್ ಇಲ್ದೆ ಇದ್ರೆ ಗಂಟೆಗೆ ನೂರಕ್ಕೆ ಒಂದೆರಡು ಜನದ ಲೆಕ್ಕದಲ್ಲಿ ಸಾವು ಏರುತ್ತೆ ಅಂತಾರೆ, ಅದಕ್ಕೇ ಸಿಟಿ ಸ್ಕ್ಯಾನ್ ಬೇಗ ಆಗ್ಬೇಕು. ಡ್ಯೂಟಿ ಡಾಕ್ಟರ್‌ಗಳಲ್ಲಿ ನನ್ನ ವಿನಂತಿ ಇಷ್ಟೇ, ಆ ಇಂಜೆಕ್ಷನ್ನಿಗೆ ಮುಂಚೆ ಎರಡೂ ಕೈ ಬಿಪಿ ನೋಡಿ, ಮೈಕಟ್ಟು ನೋಡಿ, ಮನೇಲಿ ಯಾರಾದ್ರೂ ಹೀಗೆ ಹೋಗಿದ್ದಾರಾ ಅಂತ ಒಂದು ಪ್ರಶ್ನೆ ಕೇಳಿ. ಕಾಯಿಲೆ ಇದೆ ಅಂತ ಗೊತ್ತಿರೋರು ಪರ್ಸಲ್ಲಿ ಒಂದು ಚೀಟಿ ಇಟ್ಕೊಳ್ಳಿ. ನಮ್ಮಲ್ಲಿ ಕಾಯಿಲೆ ಇರೋ ಎಲ್ರ ಪರ್ಸಲ್ಲೂ ಇದೆ, ಕನ್ನಡದಲ್ಲಿ ಒಂದು ಕಡೆ, ಹಿಂದುಗಡೆ ಇಂಗ್ಲಿಷಲ್ಲಿ, "ಮಾರ್ಫಾನ್ ಇದೆ, ಎದೆನೋವು ಬಂದ್ರೆ ಸಿಟಿ ಆಗೋವರೆಗೆ ಹೆಪ್ಪು ಕರಗಿಸೋ ಇಂಜೆಕ್ಷನ್ ಬೇಡ", ಕೊನೆಯ ಎಕೋ ಅಳತೆ, ತಗೊಳ್ಳೋ ಮಾತ್ರೆ, ಫೋನ್ ನಂಬರ್. ದಿಢೀರಂತ ಉಸಿರು ಕಟ್ಟಿ ಒಂದು ಪಕ್ಕ ಮಾತ್ರ ನೋವು ಬಂದ್ರೆ ಶ್ವಾಸಕೋಶ ಒಡೆದು ಎದೆಯೊಳಗೆ ಗಾಳಿ ತುಂಬಿರಬಹುದು ಅಂತಾನೂ ಬರೆಸಿದ್ದೀವಿ, ಅದೂ ಈ ಕಾಯಿಲೇಲಿ ಬರುತ್ತೆ.

ಜಿಲ್ಲಾಡಳಿತದವರಿಗೆ ಕೇಳೋದು ದೊಡ್ಡದೇನಿಲ್ಲ. ಮಡಿಕೇರೀಲಿ 2016ರಿಂದ ಮೆಡಿಕಲ್ ಕಾಲೇಜಿದೆ. ಅಲ್ಲಿ ತಿಂಗಳಿಗೊಂದು ದಿನ, ಇಂಥ ವಾರ ಅಂತ ಗೊತ್ತುಮಾಡಿ, ಚಿಕ್ಕ ವಯಸ್ಸಲ್ಲಿ ದಿಢೀರ್ ಸತ್ತೋರ ಮನೆಯವರಿಗೆಲ್ಲ ಎಕೋ ಮಾಡ್ಲಿ, ಶಾಲೆ ಹೆಲ್ತ್ ಚೆಕಪ್ಪಲ್ಲಿ ಮುಷ್ಟಿ ಟೆಸ್ಟ್ ಸೇರಿಸ್ಲಿ, ಬೆರಳು ಚುಚ್ಚಿ ಐಎನ್‌ಆರ್ ನೋಡೋ ಸಣ್ಣ ಮೆಷಿನ್ ಬರುತ್ತೆ, ಅದನ್ನ ತಾಲೂಕು ಆಸ್ಪತ್ರೆಗೊಂದು ಇಡ್ಲಿ, ಮರ ಬಿದ್ದು ರೋಡ್ ಬಂದ್ ಆದ ದಿನ ನಮ್ಮಂಥೋರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಐನ್‌ಮನೆ ವಂಶವೃಕ್ಷ ಹೊಸದಾಗಿ ಬರೆಸೋರು ಹೆಣ್ಣುಮಕ್ಕಳ ಮಕ್ಕಳ ಹೆಸರನ್ನೂ ಸೇರಿಸಿ, ಯಾರು ಯಾವ ವಯಸ್ಸಲ್ಲಿ ಯಾವುದರಿಂದ ಹೋದ್ರು ಅಂತ ಪಕ್ಕದಲ್ಲೊಂದು ಪುಸ್ತಕದಲ್ಲಿ ಬರೆದಿಡಿ. ಒಕ್ಕದ ಹಿರಿಯರಾದ ಪಟ್ಟೆದಾರರು ಮನಸ್ಸು ಮಾಡಿದ್ರೆ ಸುಗ್ಗಿ ಹಬ್ಬ ಪುತ್ತರಿ ದಿನ ಎಲ್ಲ ಸೇರಿರೋವಾಗ ಒಂದು ಗಂಟೇಲಿ ಆಗೋ ಕೆಲಸ.

ಹೆಸರು ಹಾಕ್ಬೇಡಿ. ಮಗಳಿಗೆ ಜೀನ್ ಟೆಸ್ಟ್ ಆಗಿದೆ, ಅವಳಿಗೆ ಇಲ್ಲ, ಅವಳ ಮಕ್ಕಳಿಗೆ ನಮ್ಮನೆಯಿಂದ ಹೋಗೋ ಪ್ರಶ್ನೆಯೂ ಇಲ್ಲ, ಆದ್ರೂ ಮದುವೆ ಮಾತುಕತೆ ನಡೀತಿರೋವಾಗ ಯಾರು ಹೇಗೆ ತಗೊಳ್ತಾರೋ. ಒಕ್ಕದ ಸಭೇಲಿ ಎದ್ದು ನಿಂತು ಹೇಳಿ ಅಂತ ಬರೆದು ಪೇಪರಲ್ಲಿ ಹೆಸರು ಮುಚ್ಚಿಟ್ಕೊಳ್ತೀಯಲ್ಲ ಅಂತ ಮಗಳೇ ರೇಗಿಸಿದ್ಲು. ನಮ್ಮ ಒಕ್ಕದಲ್ಲಿ ಹೇಳಿದ್ದಾಗಿದೆ, ಬೇಕಾದೋರಿಗೆ ಗೊತ್ತು. ಪತ್ರ ಉದ್ದ ಆಯ್ತು ಅಂತ ಕತ್ತರಿಸೋದಾದ್ರೆ ನಮ್ಮನೆ ಕತೆ ಕತ್ತರಿಸಿ, ಮಾತ್ರೆ ಮತ್ತೆ ಇಂಜೆಕ್ಷನ್ ವಿಷಯ ಹಾಗೇ ಇರ್ಲಿ.

ಇಂತಿ,
ಒಬ್ಬ ಕಾಫಿ ಬೆಳೆಗಾರ್ತಿ, ದಕ್ಷಿಣ ಕೊಡಗು